ಬಲೆಗೆ ಬಿದ್ದಷ್ಟೇ ಮೀನಲ್ಲ

ಸ್ನಾತಕೋತ್ತರ ಸಂಶೋಧನೆಗೆ ಸಣ್ಣ ಜಲಾಶಯವೊಂದನ್ನು ಆರಿಸಿಕೊಂಡಿದ್ದೀರಿ. ತಿಂಗಳಿಗೊಮ್ಮೆ ಬಲೆ ಹಾಕಿ ಸಿಕ್ಕ ಮೀನನ್ನು ಎಣಿಸಿದರೆ ಅಲ್ಲಿ ಒಟ್ಟು ಎಷ್ಟು ಮೀನಿದೆ ಎಂದು ಹೇಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಅಷ್ಟರಿಂದಲೇ ಹೇಳಲು ಬರುವುದಿಲ್ಲ. ನನ್ನ ಸಂಶೋಧನೆಯ ಮೊದಲ ವರ್ಷ ಇದೇ ನಂಬಿಕೆಯಲ್ಲಿ ಕಳೆದುಹೋಯಿತು, ಆದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ.

ಬಲೆಯ ಲೆಕ್ಕದಲ್ಲಿ ಎರಡು ಸಂಗತಿಗಳು ಬೆರೆತಿರುತ್ತವೆ: ನೀರಿನಲ್ಲಿ ಎಷ್ಟು ಮೀನಿದೆ, ಅದರಲ್ಲಿ ಎಷ್ಟು ಪಾಲು ಬಲೆಗೆ ಸಿಗುತ್ತದೆ. ಎರಡನೆಯದು ದಿನದಿನಕ್ಕೂ ಬದಲಾಗುತ್ತದೆ. ಮೀನಿನ ಕಿವಿರು ಸಿಕ್ಕಿಕೊಳ್ಳುವ ಗಿಲ್ ಬಲೆಯ ಕಣ್ಣು ಒಂದೇ ಅಳತೆಯದಾದರೆ ಮರಿಗಳು ನುಸುಳಿ ಹೋಗುತ್ತವೆ, ದೊಡ್ಡವು ಸಿಕ್ಕಿಕೊಳ್ಳದೆ ಹಿಂದೆ ಸರಿಯುತ್ತವೆ. ನೀರು ಇಳಿದಾಗ ಮೀನುಗಳು ಒತ್ತೊತ್ತಾಗಿ ಸೇರುತ್ತವೆ. ಸಂಖ್ಯೆ ಕುಸಿಯುತ್ತಿದ್ದರೂ ಬಲೆ ತುಂಬಿಯೇ ಬರುತ್ತದೆ. ನಿರ್ವಹಣೆಯಲ್ಲಿ ಇದರಷ್ಟು ಅಪಾಯದ ಸ್ಥಿತಿ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಎಲ್ಲವೂ ಚೆನ್ನಾಗಿದೆ ಎಂದೇ ಅಂಕಿಗಳು ಹೇಳುತ್ತಿರುತ್ತವೆ. ಬೇರೆ ಬೇರೆ ಕಣ್ಣಿನ ಬಲೆಗಳನ್ನು ಜೋಡಿಸಿ, ಪ್ರತಿ ಸಲ ಅದೇ ಉದ್ದ, ಅಷ್ಟೇ ಹೊತ್ತು ಹಾಕಿ. ಆಗ ವರ್ಷದಿಂದ ವರ್ಷಕ್ಕೆ ಹೋಲಿಸಲಾದರೂ ಬರುತ್ತದೆ.

ಒಟ್ಟು ಸಂಖ್ಯೆಯೇ ಬೇಕೆಂದಾದರೆ ಗುರುತು ಹಾಕಿ ಮತ್ತೆ ಹಿಡಿಯುವ ವಿಧಾನಕ್ಕೆ ಹೋಗಬೇಕು. ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್‌ಸನ್ 1896ರಲ್ಲಿ ಪ್ರಕಟಿಸಿದ ಕೆಲಸದಿಂದ ಬೆಳೆದುಬಂದ ವಿಧಾನವಿದು. 200 ಮೀನಿಗೆ ಗುರುತು ಹಾಕಿ ಬಿಟ್ಟಿದ್ದೀರಿ ಎಂದುಕೊಳ್ಳಿ. ಎರಡನೆಯ ಸಲ 150 ಮೀನು ಸಿಕ್ಕಿ, ಅದರಲ್ಲಿ 12ಕ್ಕೆ ಗುರುತಿದ್ದರೆ, 200ನ್ನು 150ರಿಂದ ಗುಣಿಸಿ 12ರಿಂದ ಭಾಗಿಸಿದಾಗ 2,500 ಬರುತ್ತದೆ. ಸಂಖ್ಯಾಶಾಸ್ತ್ರಜ್ಞ ಚಾಪ್‌ಮನ್ 1951ರಲ್ಲಿ ಕೊಟ್ಟ ತಿದ್ದುಪಡಿಯಂತೆ, ಅಂದರೆ ಮೂರೂ ಸಂಖ್ಯೆಗಳಿಗೆ ಒಂದೊಂದು ಕೂಡಿಸಿ ಲೆಕ್ಕ ಮಾಡಿ ಕೊನೆಗೆ ಒಂದು ಕಳೆದರೆ, ಸುಮಾರು 2,334. ಮರಳಿ ಸಿಕ್ಕ ಗುರುತುಗಳು ಕಡಿಮೆಯಿದ್ದಾಗ ಈ ತಿದ್ದುಪಡಿಯನ್ನೇ ಬಳಸಿ.

ಆ 12ರ ಬಗ್ಗೆ ಮಾತ್ರ ನಿಜಕ್ಕೂ ತಲೆಕೆಡಿಸಿಕೊಳ್ಳಿ. ಒಂದು ಸಂಜೆ ನಾವು ಗುರುತಿಲ್ಲವೆಂದು ಪಕ್ಕಕ್ಕಿಟ್ಟಿದ್ದ ಮೀನೊಂದನ್ನು ಒದ್ದೆ ಕೈಯಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ಗುರುತಿಗೆಂದು ನಾವು ಕತ್ತರಿಸಿದ್ದ ಈಜುರೆಕ್ಕೆ ಮತ್ತೆ ಬೆಳೆದಿತ್ತು; ಅದರ ಅಂಚಿನಲ್ಲಿ ಸೊಟ್ಟಗಾದ ಒಂದು ಗೆರೆಯಷ್ಟೇ ಉಳಿದಿತ್ತು. ಮೇಲಿನ ಉದಾಹರಣೆಯಲ್ಲಿ ಇಂಥ ಮೂರು ಮೀನು ಕಣ್ತಪ್ಪಿದ್ದು, ನಿಜವಾದ ಲೆಕ್ಕ 15 ಆಗಿದ್ದರೆ, 2,500 ಎಂದದ್ದು 2,000ಕ್ಕೆ ಇಳಿಯುತ್ತದೆ. ಗುರುತು ಹಾಕಿದ ಮೀನು ಸತ್ತರೂ, ಜಲಾಶಯದಿಂದ ಹೊರಗೆ ಹೋದರೂ ಅಂದಾಜು ಹೀಗೆಯೇ ಉಬ್ಬುತ್ತದೆ. ಒಂದೇ ಮೀನಿಗೆ ಎರಡು ಬಗೆಯ ಗುರುತು ಹಾಕಿದರೆ ಎಷ್ಟು ಗುರುತು ಕಳೆದುಹೋಗುತ್ತಿವೆ ಎಂಬುದನ್ನಾದರೂ ಅಳೆಯಬಹುದು.

ಇಷ್ಟಾಗಿಯೂ ಹಲವು ಸಲ ನಿರ್ವಹಣೆಗೆ ಒಟ್ಟು ಸಂಖ್ಯೆ ಬೇಕಾಗಿರುವುದೇ ಇಲ್ಲ. ಎಷ್ಟು ಉದ್ದದ ಮೀನನ್ನು ಹಿಡಿಯಲು ಬಿಡಬೇಕು ಎಂಬುದು ಪ್ರಶ್ನೆಯಾದರೆ, ಅರ್ಧದಷ್ಟು ಮೀನುಗಳು ಯಾವ ಉದ್ದದಲ್ಲಿ ಪ್ರೌಢವಾಗಿರುತ್ತವೆ, ಎಷ್ಟು ಬೇಗ ಬೆಳೆಯುತ್ತವೆ, ವರ್ಷಕ್ಕೆ ಎಷ್ಟು ಪಾಲು ಸಾಯುತ್ತವೆ ಎಂಬುದನ್ನು ತಿಳಿಯಬೇಕು. ಅದಕ್ಕೆ ವಯಸ್ಸು ಬೇಕು. ಹುರುಪೆಯಲ್ಲೋ ಒಳಗಿವಿಯ ಕಲ್ಲಿನಲ್ಲೋ ಮೂಡುವ ಉಂಗುರಗಳನ್ನು ಎಣಿಸಿ ಅದನ್ನು ತಿಳಿಯುತ್ತಾರೆ. ಮುದಿ ಮೀನಿನ ಹುರುಪೆಯಲ್ಲಿ ಅಂಚಿನ ಉಂಗುರಗಳು ಒಂದರ ಮೇಲೊಂದು ಬಂದು ವಯಸ್ಸು ಕಡಿಮೆ ಕಾಣುತ್ತದೆ. ಒಳಗಿವಿಯ ಕಲ್ಲನ್ನು, ಅಂದರೆ ಓಟೋಲಿತ್ ಅನ್ನು ಅಡ್ಡ ಸೀಳಿ ಓದುವುದು ಸಾಮಾನ್ಯವಾಗಿ ಹೆಚ್ಚು ನಂಬಿಕೆಗೆ ಅರ್ಹ. ಮೀನಿನ ಉದ್ದ ಎಷ್ಟೆಂದು ಗೊತ್ತಿಲ್ಲದ ಇಬ್ಬರು ಬೇರೆ ಬೇರೆಯಾಗಿ ಓದಲಿ. ಉಂಗುರ ವರ್ಷಕ್ಕೊಂದೇ ಮೂಡುತ್ತದೆ ಎಂಬುದನ್ನು ನಿಮ್ಮ ಮೀನಿನಲ್ಲೇ ಖಚಿತಪಡಿಸಿಕೊಳ್ಳಿ, ಮುಖ್ಯವಾಗಿ ಋತುಗಳ ವ್ಯತ್ಯಾಸ ಕಡಿಮೆಯಿರುವ ಬೆಚ್ಚಗಿನ ನೀರಿನಲ್ಲಿ.

ಆದ್ದರಿಂದ ಬಲೆ ಕೊಳ್ಳುವ ಮೊದಲು, ಜಲಾಶಯವನ್ನು ನೋಡಿಕೊಳ್ಳುವವರ ಬಳಿ ಹೋಗಿ ಮುಂದಿನ ವರ್ಷ ಅವರು ಯಾವ ನಿರ್ಧಾರ ತೆಗೆದುಕೊಳ್ಳಬೇಕಾಗಿದೆ ಎಂದು ಕೇಳಿ. ಕೆಲಸ ಶುರುವಾದ ಮೇಲೆ, ಖಾಲಿ ಬಂದ ಬಲೆಯನ್ನೂ ಪುಸ್ತಕದಲ್ಲಿ ಬರೆಯಿರಿ. ನಾನು ಅದನ್ನು ಬರೆದಿಡಲಿಲ್ಲ. ಆ ವರ್ಷದ ಸರಾಸರಿಗಳನ್ನು ಪ್ರಬಂಧದಿಂದ ಪೂರ್ತಿಯಾಗಿ ಕೈಬಿಡಬೇಕಾಯಿತು.