ಹೈಸ್ಕೂಲ್ ಹಾಕಿ ಮುಗಿದ ಮೇಲಿನ ಎರಡು ವರ್ಷ

ಮಿನ್ನೆಸೋಟದ ಈಡನ್ ಪ್ರೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹತ್ತನೇ ಗ್ರೇಡಿನ ಮಗ ಶಾಲೆಯ ಐಸ್ ಹಾಕಿ ತಂಡದಲ್ಲಿ ಡಿಫೆನ್ಸ್ ಆಡುತ್ತಾನೆ, ತಂಗಿಯೂ ಕಲಿಯುತ್ತಿದ್ದಾಳೆ. ಕಾಲೇಜು ತಂಡ ಸೇರಬೇಕಾದರೆ ಈಗಲೇ ಶಾಲೆಯ ತಂಡ ಬಿಟ್ಟು ಜೂನಿಯರ್ ಲೀಗಿಗೆ (ಕಾಲೇಜಿಗೆ ಮುಂಚೆ ಇಪ್ಪತ್ತರ ಆಸುಪಾಸಿನವರೆಗಿನ ಹುಡುಗರು ಆಡುವ, ಶಾಲೆಗೆ ಸೇರದ ತಂಡಗಳ ಲೀಗ್) ಹೋಗಬೇಕೇ? ಹನ್ನೆರಡನೆಯದು ಮುಗಿದ ಮೇಲೂ ಎರಡು ವರ್ಷ ಕಾಲೇಜಿಲ್ಲದೆ ಆಡಿದರೆ ಓದು ಕೆಡುವುದಿಲ್ಲವೇ?

ಸಂಪಾದಕರ ಉತ್ತರ:

ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮವರ ಮನೆಗಳಲ್ಲಿ ಮಾತು ಏರುವುದು ಅಲ್ಲೇ. ಕಾಲೇಜು ಕ್ರೀಡೆಯ ಮೇಲ್ಮಟ್ಟವಾದ ಡಿವಿಷನ್ ಒನ್‌ನ ಹುಡುಗರ ಹಾಕಿಯಲ್ಲಿ ಹೈಸ್ಕೂಲಿನಿಂದ ನೇರ ಕಾಲೇಜು ತಂಡ ಸೇರುವವರು ವಿರಳ. ಮೊದಲ ವರ್ಷದ ಆಟಗಾರನಿಗೆ ಇಪ್ಪತ್ತು ತುಂಬಿರುವುದು ಅಲ್ಲಿ ಮಾಮೂಲು. ದೇಶದಲ್ಲಿ ಇಂಥ ತಂಡಗಳು ಅರವತ್ತು ಚಿಲ್ಲರೆ, ಮಿನ್ನೆಸೋಟದಲ್ಲಿ ಆರು. ಹಲವು ಕಾಲೇಜುಗಳಲ್ಲಿ ಈಗ ತಂಡಕ್ಕೆ 26 ಜನರ ಮಿತಿ ಇದೆ. ವರ್ಷಕ್ಕೆ ತೆರವಾಗುವ ಆರೇಳು ಜಾಗಗಳಲ್ಲೂ ಕೆಲವು ಬೇರೆ ಕಾಲೇಜು ಬಿಟ್ಟು ಬರುವವರ ಪಾಲು. ಸಾಲದ್ದಕ್ಕೆ 2025ರ ಆಗಸ್ಟ್ 1ರಿಂದ ಕೆನಡಾದ ಮೇಜರ್ ಜೂನಿಯರ್ (ಅಲ್ಲಿನ ಮೇಲ್ಮಟ್ಟದ ಜೂನಿಯರ್ ಲೀಗುಗಳ) ಆಟಗಾರರಿಗೂ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆಯಾದ ಎನ್‌ಸಿಎಎ ಬಾಗಿಲು ತೆರೆದಿದೆ. 1982ರಲ್ಲಿ ಫಿಲ್ ಹೌಸ್ಲಿ ಸೌತ್ ಸೇಂಟ್ ಪಾಲ್ ಹೈಸ್ಕೂಲಿನಿಂದ ನೇರ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಬಫಲೊ ಸೇಬರ್ಸ್ ತಂಡಕ್ಕೆ ಹೋದದ್ದು ನಿಜ. ಅಂಥ ಉದಾಹರಣೆ ಕೇಳಿ ಸಂತೋಷಪಡಬಹುದು, ಅದನ್ನು ನಂಬಿ ಲೆಕ್ಕ ಹಾಕಲಾಗದು.

ಓದು ಕೆಡುವುದು ಆ ಎರಡು ವರ್ಷದಲ್ಲಲ್ಲ, ಅದಕ್ಕೂ ಮೊದಲು. ಎನ್‌ಸಿಎಎ ಕೇಳುವುದು 16 ಕೋರ್ ಕೋರ್ಸ್ (ಹೈಸ್ಕೂಲಿನ ಮುಖ್ಯ ಪಠ್ಯವಿಷಯಗಳು), ಅವುಗಳಲ್ಲಿ ಕನಿಷ್ಠ 2.3 ಜಿಪಿಎ (ಸರಾಸರಿ ಅಂಕ). ಹನ್ನೆರಡನೇ ಗ್ರೇಡ್ ಶುರುವಾಗುವ ಮುಂಚೆ ಹತ್ತು ಮುಗಿದಿರಬೇಕು. ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವು. ಆ ಹತ್ತನ್ನು ಮತ್ತೆ ಓದಿ ಅಂಕ ಏರಿಸಿಕೊಳ್ಳುವ ದಾರಿ ಹನ್ನೆರಡನೆಯದು ಶುರುವಾದೊಡನೆ ಮುಚ್ಚುತ್ತದೆ. ಸಕಾಲಕ್ಕೆ ಹೈಸ್ಕೂಲ್ ಮುಗಿಸಿದ ನಂತರ ಸೇರಿಸಿಕೊಳ್ಳಲು ಸಿಗುವುದು ಒಂದೇ ಒಂದು ಕೋರ್ಸ್. ಎಡವಟ್ಟಾಗುವುದು ಸಾಮಾನ್ಯವಾಗಿ ಹೀಗೆ: ಜೂನಿಯರ್ ತಂಡಕ್ಕಾಗಿ ಹುಡುಗ ಊರು ಬದಲಿಸುತ್ತಾನೆ, ಹೊಸ ಶಾಲೆಯಲ್ಲೋ ಆನ್‌ಲೈನಿನಲ್ಲೋ ಎನ್‌ಸಿಎಎ ಒಪ್ಪದ ಕೋರ್ಸ್ ತೆಗೆದುಕೊಳ್ಳುತ್ತಾನೆ. ಪ್ರತಿ ಶಾಲೆಗೂ ಮಾನ್ಯ ಕೋರ್ಸುಗಳ ಪಟ್ಟಿ ಇದೆ; ಕೌನ್ಸೆಲರ್ ಜೊತೆ ಕೂತು ಈ ತಿಂಗಳೇ ನೋಡಿ. ಇನ್ನೊಂದು ಅಪಾಯ ಪೋಷಕರಿಂದಲೇ ಬರುತ್ತದೆ. ‘ಸುಮ್ಮನೆ ಕೂರುವುದು ಬೇಡ’ ಎಂದು ಆ ಎರಡು ವರ್ಷದಲ್ಲಿ ಕಮ್ಯುನಿಟಿ ಕಾಲೇಜಿಗೆ ಪೂರ್ಣಾವಧಿ ಸೇರಿಸಿದರೆ ಆಡುವ ಅರ್ಹತೆಯ ವರ್ಷಗಳು ಆಗಲೇ ಖರ್ಚಾಗತೊಡಗುತ್ತವೆ. ಓದಲೇಬೇಕೆಂದರೆ ಅರೆಕಾಲಿಕವಾಗಿ ಒಂದೆರಡು ಕೋರ್ಸ್ ಸಾಕು.

ಇನ್ನು ಶಾಲೆಯ ತಂಡ ಬಿಡುವ ಮಾತು. ಶಾಲೆಗೆ ಸೀಸನ್ನಿಗೆ 25 ಪಂದ್ಯ, ದೇಶದ ಮೇಲ್ಮಟ್ಟದ ಜೂನಿಯರ್ ಲೀಗ್ ಯುಎಸ್‌ಎಚ್‌ಎಲ್‌ನಲ್ಲಿ 62. ಆದರೆ ಹದಿನಾರರ ಡಿಫೆನ್ಸ್‌ಮನ್ ಅಲ್ಲಿ ಬೆಂಚು ಕಾಯುವುದಾದರೆ 62 ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಮೊದಲ ನಾಲ್ವರು ಡಿಫೆನ್ಸ್‌ಮನ್‌ಗಳಲ್ಲಿ ಜಾಗ ಕೊಡುತ್ತೇವೆಂದು ಕೋಚ್ ಹೇಳಿದರೆ ಹೋಗಲಿ. ಇಲ್ಲದಿದ್ದರೆ ಶಾಲೆಯಲ್ಲೇ ಇದ್ದು, ಪವರ್‌ಪ್ಲೇ (ಎದುರು ತಂಡದಲ್ಲಿ ಆಟಗಾರ ಕಡಿಮೆಯಿರುವಾಗ), ಪೆನಾಲ್ಟಿ ಕಿಲ್ (ತಮ್ಮ ತಂಡದಲ್ಲಿ ಕಡಿಮೆಯಿರುವಾಗ) ಎರಡನ್ನೂ ಆಡಲಿ. ಶರತ್ಕಾಲದಲ್ಲಿ ಹೈಸ್ಕೂಲ್ ಎಲೀಟ್ ಲೀಗ್ ಇದ್ದೇ ಇದೆ. ನಿಮ್ಮ ಊರಿನವನೇ ಆದ ಕೇಸಿ ಮಿಟೆಲ್‌ಸ್ಟಾಟ್ ಕೊನೆಯ ವರ್ಷವೂ ಶಾಲೆಗೇ ಆಡಿ, ಅದೇ 2017ರಲ್ಲಿ ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ) ಎಂಟನೆಯವನಾಗಿ ಆಯ್ಕೆಯಾದ.

ದುಡ್ಡಿನ ವಿಷಯ: ಯುಎಸ್‌ಎಚ್‌ಎಲ್‌ನಲ್ಲಿ ಆಡಲು ಶುಲ್ಕವಿಲ್ಲ. ಅದರ ಕೆಳಗಿನ ಹಂತದ ಜೂನಿಯರ್ ಲೀಗ್ ಎನ್‌ಎಎಚ್‌ಎಲ್‌ನಲ್ಲಿ ಆಟಕ್ಕೆ ಶುಲ್ಕವಿಲ್ಲದಿದ್ದರೂ ಉಳಿದುಕೊಳ್ಳುವ ಮನೆಯವರಿಗೆ ತಿಂಗಳ ಖರ್ಚು ಕೊಡಬೇಕಾಗುತ್ತದೆ. ಅದಕ್ಕೂ ಕೆಳಗಿನ ಲೀಗುಗಳು ಸಾವಿರಾರು ಡಾಲರ್ ಕೇಳಿ ‘ಕಾಲೇಜು ಗ್ಯಾರಂಟಿ’ ಎಂದರೆ, ಅವರ ಹುಡುಗರು ಕಳೆದ ವರ್ಷ ಯಾವ ಕಾಲೇಜು ಸೇರಿದರು, ಯಾವ ಡಿವಿಷನ್ನಿಗೆ ಎಂದು ಹೆಸರು ಹಿಡಿದು ಕೇಳಿ. ಡಿವಿಷನ್ ತ್ರೀ ಆದರೆ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ.

ಕಾಲೇಜು ಕೋಚ್‌ಗಳು ಹುಡುಗನೊಂದಿಗೆ ಮಾತಾಡಬಹುದಾದದ್ದು ಹತ್ತನೇ ಗ್ರೇಡಿನ ಜನವರಿ 1ರಿಂದ. ಬಾಯಿಮಾತಿನ ಆಫರ್ ಹನ್ನೊಂದನೆಯದಕ್ಕೆ ಮುಂಚಿನ ಆಗಸ್ಟ್ 1ರಿಂದ. ಮೇಲ್ ಅವನೇ ಬರೆಯಲಿ: ಹುಟ್ಟಿದ ವರ್ಷ, ಎತ್ತರ, ತೂಕ, ಎಡಗೈ ಶಾಟೋ ಬಲಗೈಯೋ, ಜೆರ್ಸಿ ನಂಬರ್, ಪಂದ್ಯಗಳ ವೇಳಾಪಟ್ಟಿ, ಜಿಪಿಎ. ವಿಡಿಯೋದಲ್ಲಿ ಬರೀ ಗೋಲುಗಳು ಬೇಡ. ಡಿಫೆನ್ಸ್‌ಮನ್ ಮೂಲೆಗೆ ಬಿದ್ದ ಪಕ್ ತರಲು ಹೋಗುವಾಗ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆಯೇ, ಮೊದಲ ಪಾಸ್ ಸ್ಟಿಕ್ಕಿಗೆ ಸರಿಯಾಗಿ ಹೋಗುತ್ತದೆಯೇ ಎಂಬುದು ಕಾಣುವಂತೆ ಕೆಲವು ಶಿಫ್ಟುಗಳನ್ನು (ಅವನು ಒಮ್ಮೆ ಐಸಿಗಿಳಿದು ಹೊರಬರುವವರೆಗಿನ ಆಟ) ಕತ್ತರಿಸದೆ ಕಳಿಸಲಿ.

ಎನ್‌ಎಚ್‌ಎಲ್ ಡ್ರಾಫ್ಟಿನಲ್ಲಿ ಹೆಸರು ಬಂದರೂ ಕಾಲೇಜಿನಲ್ಲಿ ಆಡಬಹುದು. ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದರೆ ಕಾಲೇಜು ಹಾಕಿ ಮುಗಿಯಿತು.

ಮಗಳಿಗೆ ಈ ಎರಡು ವರ್ಷದ ತಲೆನೋವಿಲ್ಲ. ಹುಡುಗಿಯರು ಹೈಸ್ಕೂಲಿನಿಂದ ನೇರ ಕಾಲೇಜು ತಂಡಕ್ಕೆ ಹೋಗುವುದೇ ರೂಢಿ. ಮುಂದೆ ವೃತ್ತಿಪರ ಲೀಗೂ ಇದೆ. 2024 ಮತ್ತು 2025, ಎರಡೂ ವರ್ಷ ಅದನ್ನು ಗೆದ್ದದ್ದು ಮಿನ್ನೆಸೋಟ ಫ್ರಾಸ್ಟ್. ಆ 16 ಕೋರ್ಸುಗಳ ಲೆಕ್ಕ ಮಾತ್ರ ಅವಳಿಗೂ ಅದೇ, ಒಂಬತ್ತನೇ ಗ್ರೇಡಿನಿಂದಲೇ.