ಟ್ಯೂಬು ಒಂದು, ಪಾಳಿ ಎರಡು

ಪ್ರಶ್ನೆ: ನಮ್ಮದು ಕೊಪ್ಪದ ಹತ್ತಿರ ಅಡಿಕೆ ತೋಟ. ದರಗು ಗುಡಿಸಲು ಕಾಡಿಗೆ ಹೋಗಿದ್ದ ತಮ್ಮನಿಗೆ ಜ್ವರ ಬಂತು. ಮಂಗನ ಕಾಯಿಲೆ ಇರಬಹುದು ಅಂತ ರಕ್ತ ಕಳಿಸಿದರು. ನೆಗೆಟಿವ್ ಬಂತು. ರಕ್ತ ತೆಗೆದ ಹುಡುಗ ‘ಈಗೆಲ್ಲ ಒನ್ ಸ್ಟೆಪ್ ಮಿಕ್ಸ್, ಮೊದಲಿನ ಹಾಗೆ ಎರಡು ಸಲ ಮಾಡೋದಿಲ್ಲ’ ಅಂದ. ಒಂದು ಹಂತ ಬಿಟ್ಟ ರಿಪೋರ್ಟನ್ನು ನಂಬಬಹುದಾ ಮೇಡಂ?

ಉತ್ತರ: ಬಿಟ್ಟಿಲ್ಲ. ಹಂತ ಎರಡೂ ಇವೆ, ಟ್ಯೂಬು ಮಾತ್ರ ಒಂದು.

ಈ ವೈರಸ್ಸಿನಲ್ಲಿರುವುದು ಆರ್‌ಎನ್‌ಎ. ನಿಮ್ಮ ತಮ್ಮನಿಗೆ ಮಾಡಿದ್ದು ಪಿಸಿಆರ್, ಅಂದರೆ ವೈರಸ್ಸಿನ ಗುರುತನ್ನು ಮತ್ತೆ ಮತ್ತೆ ನಕಲು ಮಾಡಿ ಹುಡುಕುವ ಪರೀಕ್ಷೆ. ಅದರಲ್ಲಿ ನಕಲು ಮಾಡುವ ಟ್ಯಾಕ್ ಎಂಬ ಎಂಜೈಮಿಗೆ ಬೇಕಾದ್ದು ಡಿಎನ್‌ಎ. ಹಾಗಾಗಿ ಮೊದಲು ಇನ್ನೊಂದು ಎಂಜೈಮು ಆರ್‌ಎನ್‌ಎ ನೋಡಿಕೊಂಡು ಡಿಎನ್‌ಎ ಬರೆದುಕೊಡಬೇಕು. ಟೆಮಿನ್ ಮತ್ತು ಬಾಲ್ಟಿಮೋರ್ ಎಂಬ ವಿಜ್ಞಾನಿಗಳು 1970ರಲ್ಲಿ ಕಂಡುಹಿಡಿದದ್ದು ಅದನ್ನೇ. ಒನ್ ಸ್ಟೆಪ್ ಮಿಕ್ಸ್‌ನಲ್ಲಿ ಈ ಎರಡು ಎಂಜೈಮು, ಇಬ್ಬರೂ ಒಂದೇ ಟ್ಯೂಬಿನಲ್ಲಿ ಒಟ್ಟಿಗೇ ಇರುತ್ತಾರೆ. ಸುಮಾರು 50 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಮೊದಲನೆಯವರ ಪಾಳಿ. ಅಲ್ಲಿಯವರೆಗೆ ಟ್ಯಾಕ್‌ಗೆ ಬೀಗ. ಶಾಖ 95ಕ್ಕೆ ಏರಿದಾಗ ಮೊದಲನೆಯವರು ಕೆಡುತ್ತಾರೆ, ಟ್ಯಾಕ್‌ನ ಬೀಗ ಕಳಚುತ್ತದೆ. ಆಮೇಲೆ ನಲವತ್ತು ಸುತ್ತು ನಕಲು.

ಇದರಲ್ಲಿ ನನಗೆ ಇಷ್ಟವಾಗುವುದು ಬೇಗ ಆಗುತ್ತದೆ ಅನ್ನುವುದಲ್ಲ, ಮಧ್ಯೆ ಮುಚ್ಚಳ ತೆಗೆಯಬೇಕಾಗಿಲ್ಲ ಅನ್ನುವುದು. ಹಾಸನದಲ್ಲಿ ಲ್ಯಾಬ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಡೆಂಗಿ ಪರೀಕ್ಷೆಯನ್ನು ಎರಡು ಹಂತದಲ್ಲೇ ಮಾಡುತ್ತಿದ್ದೆ. ಪ್ರತಿ ಸಲ ಒಂದು ಟ್ಯೂಬಿಗೆ ಸ್ಯಾಂಪಲ್ಲಿನ ಬದಲು ಬರೀ ನೀರು ಹಾಕುತ್ತೇವೆ. ವೈರಸ್ಸು ಸಿಕ್ಕರೆ ಯಂತ್ರದ ಪರದೆಯಲ್ಲಿ ಗೆರೆ ಮೇಲೇಳುತ್ತದೆ; ನೀರಿನ ಟ್ಯೂಬಿನಲ್ಲಿ ಅದು ಏಳಬಾರದು. ಒಂದು ದಿನ 34ನೇ ಸುತ್ತಿಗೆ ಎದ್ದೇಬಿಟ್ಟಿತು. ನೀರಿಗೇ ಡೆಂಗಿ! ಮೊದಲ ಹಂತ ಮುಗಿಸಿ, ಪಿಪೆಟ್ಟಿನಿಂದ ಎರಡನೇ ಟ್ಯೂಬಿಗೆ ದಾಟಿಸುವಾಗ ಪಕ್ಕದ ಪಾಸಿಟಿವ್‌ನಿಂದ ಕಣ್ಣಿಗೆ ಕಾಣದಷ್ಟು ಸಿಡಿದಿರಬೇಕು. ಅಷ್ಟೂ ಟ್ಯೂಬು ಕಸಕ್ಕೆ. ರಾತ್ರಿ ಒಂಬತ್ತರವರೆಗೆ ಕೂತು ಮತ್ತೆ ಮಾಡಿದೆ. ಮನೆಯಲ್ಲಿ ಅನ್ನ ಆರಿ ತಣ್ಣಗಾಗಿತ್ತು.

ಒನ್ ಸ್ಟೆಪ್‌ಗೂ ಒಂದು ಕೊರತೆ ಇದೆ. ಎರಡು ಹಂತದಲ್ಲಾದರೆ ಮೊದಲು ಬರೆದ ಡಿಎನ್‌ಎ ಸ್ವಲ್ಪ ಫ್ರೀಜರಿನಲ್ಲಿ ಉಳಿಯುತ್ತದೆ, ನಾಳೆ ಬೇರೆ ವೈರಸ್ಸನ್ನೂ ಹುಡುಕಬಹುದು. ಇಲ್ಲಿ ಏನೂ ಉಳಿಯುವುದಿಲ್ಲ. ಸಂಶೋಧನೆ ಮಾಡುವವರಿಗೆ ಅದು ನಷ್ಟ, ಜ್ವರದವರಿಗೆ ಅಲ್ಲ.

ಆದರೆ ರಕ್ತ ತೆಗೆದದ್ದು ಜ್ವರದ ಎಷ್ಟನೇ ದಿನ ಅಂತ ನೀವು ಬರೆದೇ ಇಲ್ಲ. ಮಿಕ್ಸ್‌ಗಿಂತ ಜಾಸ್ತಿ ಮುಖ್ಯ ಅದೇ. ಮೊದಲ ವಾರದೊಳಗಾದರೆ ಪಿಸಿಆರ್ ಸರಿ. ತಡವಾಗಿದ್ದರೆ ರಕ್ತದಲ್ಲಿ ವೈರಸ್ಸು ಕಡಿಮೆಯಾಗಿರುತ್ತದೆ, ವೈರಸ್ಸಿನ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಮಂಗನ ಕಾಯಿಲೆಯಲ್ಲಿ ಜ್ವರ ಬಿಟ್ಟು, ಒಂದೆರಡು ವಾರಕ್ಕೆ ಮತ್ತೆ ಬರುವುದೂ ಉಂಟು. ಹಾಗಾದರೆ ಈ ರಿಪೋರ್ಟ್ ಹಿಡಿದು ಮನೆಯಲ್ಲಿ ಕೂರಬೇಡಿ, ತಮ್ಮನನ್ನು ಕರೆದುಕೊಂಡು ಹೋಗಿ.