ಆರು ಗಂಟೆಯ ಗುಳಿಗೆ ಒಂಬತ್ತಕ್ಕಲ್ಲ

ಪ್ರಶ್ನೆ: ನಮ್ಮ ಯಜಮಾನರಿಗೆ 66 ವರ್ಷ, ಏಳು ವರ್ಷದಿಂದ ಪಾರ್ಕಿನ್ಸನ್. ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದಾಗ ಕಲಬುರಗಿಯ ಒಂದು ದವಾಖಾನೆಗೆ ಸೇರಿಸಿದ್ದೆವು. ಅಲ್ಲಿ ನಮ್ಮ ಗುಳಿಗೆ ಇಸಿದುಕೊಂಡು, ವಾರ್ಡಿನ ಎಲ್ಲರ ಜೊತೆ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತಕ್ಕೆ ಕೊಟ್ಟರು. ಮೂರನೇ ದಿನಕ್ಕೆ ಮೈ ಕಟ್ಟಿಗೆಯಂತಾಯಿತು, ಗುಟುಕು ನೀರೂ ಇಳಿಯಲಿಲ್ಲ. ಕೇಳಿದರೆ ‘ವಯಸ್ಸಾಗೇದ, ಹಂಗ ಆಗ್ತದ’ ಅಂದರು. ಹೆಚ್ಚು ಮಾತಾಡಲು ಅಂಜಿದೆ. ಈಗ ಕಣ್ಣಿನ ಪೊರೆ ಆಪರೇಷನ್ ಇದೆ. ಏನು ಮಾಡಲಿ? (ಆಳಂದ)

ಉತ್ತರ: ಅಮ್ಮಾ, ಊರು ಹೆಸರು ಬದಲಾಗಿ ಇದೇ ಪತ್ರ ನನಗೆ ಬರುತ್ತಲೇ ಇದೆ. ಪ್ರತಿ ಸಲ ಸಿಟ್ಟು ಬರುತ್ತದೆ, ನಿಮ್ಮ ಮೇಲಲ್ಲ.

ಪಾರ್ಕಿನ್ಸನ್‌ನಲ್ಲಿ ಮೈಕೈ ಆಡಿಸಲು ಬೇಕಾದ ಡೋಪಮಿನ್ ಮಿದುಳಿನಲ್ಲಿ ಕಡಿಮೆಯಾಗುತ್ತದೆ, ಅದನ್ನು ತುಂಬಿಕೊಡುವ ಗುಳಿಗೆ ಲೆವೊಡೋಪಾ. ಅದು ಬಿ.ಪಿ. ಗುಳಿಗೆಯಂಥದ್ದಲ್ಲ. ರಕ್ತದಲ್ಲಿ ಅದರ ಪ್ರಮಾಣ ಒಂದು–ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಕಾಯಿಲೆ ಹಳೆಯದಾದಂತೆ ಮಿದುಳು ಅದನ್ನು ಕೂಡಿಟ್ಟುಕೊಳ್ಳಲಾರದು. ಒಂದು ಗುಳಿಗೆ ಮೂರು–ನಾಲ್ಕು ಗಂಟೆ ನಡೆದರೆ ಹೆಚ್ಚು. ಆರಕ್ಕೆ ಬೇಕಾದ ಗುಳಿಗೆ ಒಂಬತ್ತಕ್ಕೆ ಬಂದರೆ ಆ ಮೂರು ತಾಸು ಆ ಮನುಷ್ಯ ಏಳಲಾರ, ನುಂಗಲಾರ, ಬಾಯಿಬಿಟ್ಟು ಹೇಳಲೂ ಆರ. ಪೂರ್ತಿ ನಿಲ್ಲಿಸಿದರೆ ಜ್ವರವೇರಿ, ಮೈ ಸೆಟೆದು, ಪ್ರಜ್ಞೆ ತಪ್ಪಿ ಜೀವಕ್ಕೇ ಕುತ್ತು ಬರಬಹುದು. ಇದು ವಯಸ್ಸಿನ ದೋಷವಲ್ಲ, ಗಡಿಯಾರದ್ದು.

ಆಪರೇಷನ್‌ಗೆ ಮೊದಲು ನಿಮ್ಮ ನರರೋಗ ವೈದ್ಯರ ಹತ್ತಿರ ಒಂದು ಹಾಳೆ ಬರೆಸಿ ಸಹಿ ಮಾಡಿಸಿ: ಯಾವ ಗುಳಿಗೆ, ಎಷ್ಟು, ಎಷ್ಟು ಗಂಟೆಗೆ. ‘ದಿನಕ್ಕೆ ನಾಲ್ಕು’ ಅಂತಲ್ಲ. 6, 10, 2, 6 ಅಂತ. ಅದರ ಕೆಳಗೆ ಕೆಂಪು ಮಸಿಯಲ್ಲಿ: ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಹ್ಯಾಲೊಪೆರಿಡಾಲ್ ಕೊಡಬಾರದು. ಮೊದಲೆರಡು ವಾಂತಿಗೆ, ಮೂರನೆಯದು ರೋಗಿ ರಾತ್ರಿ ಗಲಾಟೆ ಮಾಡಿದಾಗ ಕೊಡುವಂಥದ್ದು. ಮೂರೂ ಡೋಪಮಿನ್‌ನ ದಾರಿ ಕಟ್ಟುತ್ತವೆ. ಒಂದು ಪ್ರತಿ ಕೇಸ್ ಶೀಟಿಗೆ ಸೇರಿಸಲು ಹೇಳಿ, ಒಂದು ನಿಮ್ಮ ಕೈಯಲ್ಲಿರಲಿ. ಗುಳಿಗೆ ಅದರ ಸ್ಟ್ರಿಪ್ಪಿನಲ್ಲೇ ಒಯ್ಯಿರಿ, ಡಬ್ಬಿಗೆ ಸುರಿದು ಅಲ್ಲ. ‘ಬೆಳಿಗ್ಗೆ ಏನೂ ತಿನ್ನಬ್ಯಾಡ್ರಿ’ ಅಂದರೆ ಗುಳಿಗೆಯೂ ಬೇಡ ಅಂತ ನೀವೇ ತಿಳಿದುಕೊಳ್ಳಬೇಡಿ, ಕೇಳಿ. ಸಾಮಾನ್ಯವಾಗಿ ಗುಟುಕು ನೀರಿನ ಜೊತೆ ಬಿಡುತ್ತಾರೆ. ಪೊರೆ ತೆಗೆಯುವಾಗ ತಲೆ ಅಲುಗಬಾರದು, ಹಾಗಾಗಿ ಗುಳಿಗೆಯ ಹಿಡಿತ ಚೆನ್ನಾಗಿರುವ ಹೊತ್ತನ್ನೇ ಆಪರೇಷನ್‌ಗೆ ಕೇಳಿ ತೆಗೆದುಕೊಳ್ಳಿ.

ಅಂಜಿಕೆಯ ಮಾತು. ಸಿಸ್ಟರ್ ಮೇಲೆ ಕೂಗಾಡಬೇಡಿ, ಒಬ್ಬರ ಕೈಯಲ್ಲಿ ಇಡೀ ವಾರ್ಡಿರುತ್ತದೆ. ಹಾಳೆ ತೋರಿಸಿ, ‘ಹತ್ತು ಆಯ್ತ್ರೀ, ಇವರ ಗುಳಿಗಿ’ ಅನ್ನಿ. ಮತ್ತೆ ಎರಡಕ್ಕೂ ಅನ್ನಿ. ಬ್ರಿಟನ್ನಿನಲ್ಲಿ ಮಾಲಿ ಜೆಂಕಿನ್ಸ್ ಎಂಬ ಮಹಿಳೆ ಒಡಹುಟ್ಟಿದವಳಿಗೆ ಈ ಕಾಯಿಲೆ ಬಂತೆಂದು 1969ರಲ್ಲಿ ಒಂದು ಸಂಘ ಕಟ್ಟಿದರು. ಇವತ್ತು ಪಾರ್ಕಿನ್ಸನ್ಸ್ ಯುಕೆ ಎನ್ನುವುದು ಅದನ್ನೇ. ಆಸ್ಪತ್ರೆಯಲ್ಲಿ ಗುಳಿಗೆ ಅರ್ಧ ಗಂಟೆಗಿಂತ ಆಚೀಚೆ ಆಗಬಾರದೆಂದು ವರ್ಷಗಟ್ಟಲೆ ಪಟ್ಟು ಹಿಡಿದಿರುವುದು ಆ ಸಂಘ. ಕೇಳಿದ್ದು ರೋಗಿಗಳ ಮನೆಯವರು, ಡಾಕ್ಟರುಗಳಾದ ನಾವಲ್ಲ.

ಪ್ರಶ್ನೆ: ಜಾತ್ರೆಯಲ್ಲಿ ಕೊಂಡ ನರದ ಪುಡಿಯಿಂದ ನಡುಕ ಕಡಿಮೆಯಾಗಿದೆ. ಗುಳಿಗೆ ಬಿಡಬಹುದೇ? (ಹುಮನಾಬಾದ್)

ಉತ್ತರ: ಬಿಡಬೇಡಿ. ಇಂಥ ಪುಡಿಗೆ ಹಾಕುವ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇದೆ, ನಿಜ. ನಿಮ್ಮ ಪೊಟ್ಟಣದಲ್ಲಿ ಅದು ಎಷ್ಟಿದೆ, ಬೇರೇನು ಬೆರೆಸಿದ್ದಾರೆ ಎಂದು ಮಾರಿದವನಿಗೂ ಗೊತ್ತಿಲ್ಲ. ‘ಬೇರು ಸಮೇತ ವಾಸಿ’ ಅನ್ನುವವನು ಕಳ್ಳ.

ಪ್ರಶ್ನೆ: ತಂದೆಗೆ ಪಾರ್ಕಿನ್ಸನ್ ಇದೆ ಎಂದು ತಂಗಿಯ ಸಂಬಂಧ ಮುರಿದರು. (ಶಹಾಪುರ)

ಉತ್ತರ: ಅಂಟುರೋಗವಲ್ಲ, ಬಹುಪಾಲು ವಂಶದಲ್ಲಿ ಇಳಿಯುವುದೂ ಇಲ್ಲ. ಆ ಮನೆ ತಪ್ಪಿದ್ದು ಒಳ್ಳೆಯದೇ ಆಯಿತು.

ಪ್ರಶ್ನೆ: ತಲೆಸುತ್ತಿಗೆ ಎರಡು ವರ್ಷದಿಂದ ಸಿನ್ನಾರಿಜಿನ್ ತೆಗೆದುಕೊಳ್ಳುತ್ತಿರುವ ಅವ್ವನಿಗೆ ಈಗ ಕೈ ನಡುಕ. (ಬೀದರ್)

ಉತ್ತರ: ಆ ಚೀಟಿ ಹಿಡಿದು ಈ ವಾರವೇ ವೈದ್ಯರ ಹತ್ತಿರ ಹೋಗಿ. ಆ ಗುಳಿಗೆಯೇ ಪಾರ್ಕಿನ್ಸನ್ ತರಹದ ನಡುಕ ತರಬಲ್ಲದು. ನಿಲ್ಲಿಸಿದರೆ ತಿಂಗಳುಗಳಲ್ಲಿ ಇಳಿಯಲೂಬಹುದು.

ಪ್ರಶ್ನೆ: ಇದೇ ಕಾಯಿಲೆಯವರೆಲ್ಲ ಒಂದು ಕಡೆ ಸೇರಿದರೆ ಮನಸ್ಸು ಕುಗ್ಗುವುದಿಲ್ಲವೇ? (ಸೇಡಂ)

ಉತ್ತರ: ಒಮ್ಮೆ ಬಂದು ನೋಡಿ. ತಿಂಗಳಿಗೊಮ್ಮೆ ನಮ್ಮಲ್ಲಿ ಏಳೆಂಟು ಮನೆಯವರು ಸೇರುತ್ತಾರೆ. ಒಬ್ಬರ ಕಾಲು ಹೊಸ್ತಿಲಲ್ಲಿ ಅಂಟಿದಂತೆ ನಿಂತುಬಿಡುತ್ತಿತ್ತು, ಮಗ ಹಿಂದಿನಿಂದ ತಳ್ಳುತ್ತಿದ್ದ. ಹೊಸ್ತಿಲಿಗೆ ಮುಂಚೆ ಗೇಣಿಗೊಂದು ಸುಣ್ಣದ ಗೆರೆ ಎಳೆಯಲು ಹೇಳಿಕೊಟ್ಟವರು ಇನ್ನೊಬ್ಬ ರೋಗಿಯ ಹೆಂಡತಿ. ಗೆರೆ ದಾಟಬೇಕೆಂದು ಕಣ್ಣು ಹೇಳಿದರೆ ಕಾಲು ಏಳುತ್ತದೆ. ಅವರೀಗ ಗೆರೆ ದಾಟಿ ದಾಟಿ ಅಂಗಳಕ್ಕೆ ಬರುತ್ತಾರೆ. ನನ್ನ ಚೀಟಿಯಲ್ಲಿ ಅದನ್ನು ನಾನು ಬರೆದಿರಲಿಲ್ಲ.

ಪ್ರಶ್ನೆ: ಪಾರ್ಕಿನ್ಸನ್‌ಗೆ ಅಂಗವಿಕಲರ ಕಾರ್ಡ್ ಸಿಗುತ್ತದೆಯೇ? (ಯಾದಗಿರಿ)

ಉತ್ತರ: ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳಲ್ಲಿ ಇದೂ ಇದೆ, ಹೆಚ್ಚಿನ ಸೌಲಭ್ಯಗಳಿಗೆ ಶೇ 40ರಷ್ಟು ಅಂಗವೈಕಲ್ಯ ಇರಬೇಕು. ತಪಾಸಣೆ ಮಾಡುವ ವೈದ್ಯರು ಗುಳಿಗೆ ಹಿಡಿದಿರುವ ಹೊತ್ತಿನಲ್ಲಷ್ಟೇ ನೋಡಿ ‘ಚೆನ್ನಾಗಿದ್ದಾರಲ್ಲ’ ಅಂದುಬಿಡುತ್ತಾರೆ. ಗುಳಿಗೆಯ ಹಿಡಿತ ತಪ್ಪಿದಾಗ ಅವರು ಹೇಗಿರುತ್ತಾರೆಂದು ಫೋನಿನಲ್ಲಿ ವಿಡಿಯೊ ಮಾಡಿ ಒಯ್ಯಿರಿ, ತೋರಿಸದೆ ಎದ್ದು ಬರಬೇಡಿ.